ಕೈಟ್‌ಬೋರ್ಡಿಂಗ್ ಸಾಮಗ್ರಿಯನ್ನು ಕೊಡಗಿನಿಂದ ವಿಮಾನದಲ್ಲಿ ಒಯ್ಯುವುದು ಹೇಗೆ?

ಪ್ರಶ್ನೆ: ಗೋಣಿಕೊಪ್ಪದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ಗೋಣಿಕೊಪ್ಪದ ಬಳಿ ಕಾಫಿ ಬೆಳೆಯುವವನು. ಎರಡು ವರ್ಷಗಳಿಂದ ರಾಮೇಶ್ವರಕ್ಕೆ ಹೋಗಿ ಕೈಟ್‌ಬೋರ್ಡಿಂಗ್ ಕಲಿತಿದ್ದೇನೆ; ದೊಡ್ಡ ಗಾಳಿಪಟದ (ಕೈಟ್) ಎಳೆತದಿಂದ ಹಲಗೆಯ (ಬೋರ್ಡು) ಮೇಲೆ ನಿಂತು ನೀರಿನ ಮೇಲೆ ಜಾರುವ ಆಟವದು. ಅಲ್ಲಿಗೆ ಕಾರಿನಲ್ಲಿ ಹೋಗುತ್ತಿದ್ದೆ, ಸಾಮಗ್ರಿಯನ್ನು ಕಲಿಸುವವರೇ ಕೊಡುತ್ತಿದ್ದರು. ಹಾಗಾಗಿ ಸಾಗಣೆಯ ಚಿಂತೆ ನನಗೆ ಬಂದಿರಲೇ ಇಲ್ಲ. ಈ ವರ್ಷ ಸ್ವಂತ ಸಾಮಗ್ರಿ ಕೊಂಡಿದ್ದೇನೆ, ನಾಟಿ ಮುಗಿಸಿ ಆಗಸ್ಟ್ ಎರಡನೇ ವಾರದಲ್ಲಿ ಶ್ರೀಲಂಕಾದ ಕಲ್ಪಿಟಿಯಕ್ಕೆ ಹೊರಡಬೇಕೆಂದಿದ್ದೇನೆ. ನಮ್ಮಲ್ಲಿ ಕಕ್ಕಡ ಮಾಸದ ಮಳೆ ಸುರಿಸುವ ಅದೇ ನೈಋತ್ಯ ಮಾರುತವು ಆ ಒಣ ಕರಾವಳಿಯಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬರಿಯ ಗಾಳಿಯಾಗಿ ಬೀಸುತ್ತದೆ.

ನನ್ನಲ್ಲಿ 9 ಮತ್ತು 12 ಚದರ ಮೀಟರಿನ ಎರಡು ಕೈಟ್‌ಗಳು, 138 ಸೆಂಟಿಮೀಟರ್ ಉದ್ದದ ಬೋರ್ಡು, 22 ಮೀಟರ್ ಲೈನುಗಳಿರುವ ಬಾರು (ಕೈಟನ್ನು ನಿಯಂತ್ರಿಸಲು ಕೈಯಲ್ಲಿ ಹಿಡಿಯುವ ಕೋಲು; ಲೈನುಗಳೆಂದರೆ ಅದನ್ನು ಕೈಟಿಗೆ ಜೋಡಿಸುವ ಹಗ್ಗಗಳು), ಹಾರ್ನೆಸ್ಸು (ಕೈಟಿನ ಎಳೆತವನ್ನು ತಡೆಯಲು ಸೊಂಟಕ್ಕೆ ಕಟ್ಟುವ ಪಟ್ಟಿ), ಕೈಪಂಪು, ತೇಲುಜಾಕೆಟ್ಟು ಮತ್ತು ಹೆಲ್ಮೆಟ್ಟು ಇವೆ. ಟಿಕೆಟ್ಟಿನಲ್ಲಿ 23 ಕಿಲೋ ತೂಕದ ಒಂದು ಲಗೇಜು ಮತ್ತು 7 ಕಿಲೋ ಕೈಚೀಲಕ್ಕೆ ಅನುಮತಿ ಇದೆ. ಇವೆಲ್ಲವೂ ಆ ತೂಕದೊಳಗೆ ಹಿಡಿಯುತ್ತವೆಯೇ? ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲದಿರುವುದರಿಂದ ಕಣ್ಣೂರು, ಮಂಗಳೂರು, ಬೆಂಗಳೂರುಗಳಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಒಳ್ಳೆಯದು? ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ತೇವ. ಈ ಮಳೆಯಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತಿದೆ. ಕೈಟನ್ನು ಮಡಚಿ ಚೀಲಕ್ಕೆ ತುಂಬಲು ಮನಸ್ಸು ಬರುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸುಂಟಿಕೊಪ್ಪದವರು

ತೇವದ ವಿಷಯವನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕೊಡಗಿನಿಂದ ಹೊರಡುವವರಿಗೆ ವಿಮಾನಕ್ಕಿಂತ ಮೊದಲೇ ಎದುರಾಗುವ ತೊಂದರೆ ಅದು. ಕೈಟಿನ ಬಟ್ಟೆ ಪಾಲಿಯೆಸ್ಟರಿನದು, ಅದು ಬೇಗ ಒಣಗುತ್ತದೆ. ಒಣಗದೆ ಉಳಿಯುವುದು ಹೊಲಿಗೆಯ ಪಟ್ಟಿಗಳು, ಮುಂಭಾಗದ ಗಾಳಿಕೊಳವೆಯ ಕವಚದ ಒಳಮೈ ಮತ್ತು ಹಗ್ಗಗಳ ಗಂಟು. ಮೇಲಿನಿಂದ ಮುಟ್ಟಿದಾಗ ಒಣಗಿದೆ ಎನಿಸಿದರೂ ಒಳಗೆ ತೇವ ಉಳಿದಿರುತ್ತದೆ. ಕಣದಲ್ಲಿ ಹರಡಿದ ಕಾಫಿಯ ಮೇಲ್ಪದರವನ್ನಷ್ಟೇ ನೋಡಿ ಮೂಟೆ ಕಟ್ಟಿದವರಿಗೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹೊರಡುವುದಕ್ಕೆ ನಾಲ್ಕೈದು ದಿನ ಮುಂಚೆ ಕೈಟ್‌ಗಳನ್ನು ಜಗಲಿಯಲ್ಲಿ ಅಥವಾ ಮಹಡಿಯ ಕೋಣೆಯಲ್ಲಿ ಹಗ್ಗಕ್ಕೆ ಸಡಿಲವಾಗಿ ತೂಗುಹಾಕಿ, ಫ್ಯಾನು ಹಾಕಿಡಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಒಲೆಯ ಮೇಲ್ಗಡೆ ಮಾತ್ರ ಖಂಡಿತ ಹಾಕಬೇಡಿ. ಕೊಳವೆಯೊಳಗಿನ ಗಾಳಿಚೀಲ, ಅಂದರೆ ಬ್ಲ್ಯಾಡರು, ತೆಳುವಾದ ಪ್ಲಾಸ್ಟಿಕ್ಕಿನದು. ಬಿಸಿ ತಗುಲಿದರೆ ಅದರ ಎರಡು ಮೈಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸುವಾಗ ಹರಿಯುತ್ತವೆ. ಅದೇ ಕಾರಣಕ್ಕೆ ದಾರಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೂ ಚೀಲವನ್ನು ಗಂಟೆಗಟ್ಟಲೆ ಬಿಡಬಾರದು.

ಮಡಚುವಾಗ ಎಲ್ಲ ಬ್ಲ್ಯಾಡರುಗಳ ಗಾಳಿಯನ್ನು ಪೂರ್ತಿ ಹೊರಹಾಕಿ, ಕವಾಟವನ್ನು ತೆರೆದೇ ಇಡಿ. ವಿಮಾನ ಮೇಲೇರಿದಾಗ ಒಳಗಿನ ಒತ್ತಡವು ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡದಷ್ಟಕ್ಕೆ ಇಳಿಯಬಹುದು. ಸಮುದ್ರದ ದಡದಲ್ಲಿ ಮುಚ್ಚಿಟ್ಟ ಗಾಳಿ ಆಗ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಬಿಗಿಯಾಗಿ ಕಟ್ಟಿದ ಚೀಲದ ಮಡಿಕೆಯಲ್ಲಿ ಸಿಕ್ಕಿಕೊಂಡ ಗಾಳಿಗೆ ಹಿಗ್ಗಲು ಜಾಗವಿಲ್ಲದೆ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ನೀವು ಕಲ್ಪಿಟಿಯದ ದಡದಲ್ಲಿ ಮಡಚಿ ಹಿಂತಿರುಗುವಾಗ ಇದು ಇನ್ನೂ ಮುಖ್ಯ.

ಈಗ ತೂಕ. ಒಂಬತ್ತರ ಕೈಟು 3 ಕಿಲೋ ಹತ್ತಿರ, ಹನ್ನೆರಡರದು 4 ಕಿಲೋ ಹತ್ತಿರ, ಕಾಲುಪಟ್ಟಿ ಸಹಿತ ಬೋರ್ಡು ಸುಮಾರು 4, ಹಾರ್ನೆಸ್ಸು 2, ಬಾರು ಮತ್ತು ಪಂಪು ಸೇರಿ 3 ಎಂದಿಟ್ಟುಕೊಂಡರೆ 16 ಕಿಲೋ ಆಯಿತು. ಚಕ್ರವಿರುವ ದಪ್ಪ ಬೋರ್ಡ್ ಬ್ಯಾಗು ತಾನೇ 4 ಕಿಲೋಗೆ ಕಡಿಮೆಯಿಲ್ಲದೆ ತೂಗುತ್ತದೆ. ಅಂದರೆ ತೇಲುಜಾಕೆಟ್ಟು ಮತ್ತು ನಾಲ್ಕು ಜೊತೆ ಬಟ್ಟೆಗೆ ಜಾಗ ಸಿಗುತ್ತದೆ, ಅದಕ್ಕಿಂತ ಹೆಚ್ಚಿಗೆ ಸಿಗದು. ತೋಟದಲ್ಲಿ ಮೂಟೆ ತೂಗುವ ಯಂತ್ರ ಇದ್ದೇ ಇರುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ತೂಗಿ ಬರೆದಿಟ್ಟುಕೊಂಡರೆ ಕೌಂಟರಿನ ಮುಂದೆ ಯಾವುದನ್ನು ಹೊರತೆಗೆಯಬೇಕೆಂದು ತಡಕಾಡಬೇಕಾಗುವುದಿಲ್ಲ.

ತೂಕ ಸರಿಯಿದ್ದರೂ ಉದ್ದದ ನಿಯಮ ಬೇರೆಯೇ ಇದೆ ಎಂಬುದನ್ನು ಮರೆಯಬೇಡಿ. ಸಾಮಾನ್ಯ ಲಗೇಜಿಗೆ ಉದ್ದ, ಅಗಲ, ಎತ್ತರ ಮೂರೂ ಸೇರಿ 158 ಸೆಂಟಿಮೀಟರ್ ಎಂಬ ಮಿತಿಯನ್ನು ಅನೇಕ ಸಂಸ್ಥೆಗಳು ಇಟ್ಟುಕೊಂಡಿವೆ. ನಿಮ್ಮ ಬೋರ್ಡಿನ ಉದ್ದವೇ 138. ಆದ್ದರಿಂದ ಟಿಕೆಟ್ ಪಡೆದ ಕೂಡಲೇ ವಿಮಾನ ಸಂಸ್ಥೆಗೆ ಬರೆದು, ಅಳತೆ ಮತ್ತು ತೂಕ ತಿಳಿಸಿ, ಕ್ರೀಡಾ ಸಾಮಗ್ರಿ ಎಂದು ನೋಂದಾಯಿಸಿ, ಅವರ ಉತ್ತರವನ್ನು ಕಾಗದದ ಮೇಲೆ ಮುದ್ರಿಸಿ ಒಯ್ಯಿರಿ. ಫೋನಿನಲ್ಲಿ ಸಿಕ್ಕ ಭರವಸೆ ಕೌಂಟರಿನಲ್ಲಿ ನಡೆಯುವುದಿಲ್ಲ.

ಚೀಲದೊಳಗೆ ಬೋರ್ಡನ್ನು ನಡುವೆ ಇಟ್ಟು, ಮಡಚಿದ ಕೈಟ್‌ಗಳನ್ನು ಅದರ ಮೇಲೊಂದು ಕೆಳಗೊಂದು ಹಾಸಿ. ಬೋರ್ಡಿನ ಅಡಿಯಲ್ಲಿರುವ ಸಣ್ಣ ರೆಕ್ಕೆಗಳಾದ ಫಿನ್ನುಗಳನ್ನೂ ಹಿಡಿಕೆಯನ್ನೂ ಬಿಚ್ಚಿ, ಅವುಗಳ ಸ್ಕ್ರೂಗಳನ್ನು ಸಣ್ಣ ಚೀಲಕ್ಕೆ ಹಾಕಿ ಹಾರ್ನೆಸ್ಸಿಗೆ ಕಟ್ಟಿ. ನನ್ನ ಮೊದಲ ಪ್ರಯಾಣದಲ್ಲಿ ಫಿನ್ನು ಬಿಚ್ಚದೆ ಒಯ್ದಿದ್ದೆ; ಒಂದು ಫಿನ್ನು ಮುರಿದುದಲ್ಲದೆ ಅದರ ಚೂಪಾದ ಅಂಚು ಕೈಟಿನ ಬಟ್ಟೆಯನ್ನು ಒಂದು ಗೇಣಿನಷ್ಟು ಸೀಳಿತ್ತು. ಹೊಲಿಸಲು ಆ ಊರಿನಲ್ಲಿ ಎರಡು ದಿನ ಕಾಯಬೇಕಾಯಿತು, ಆ ಎರಡು ದಿನವೂ ಬಹಳ ಒಳ್ಳೆಯ ಗಾಳಿಯಿತ್ತು.

ಉತ್ತರ 2: ಪೊನ್ನಂಪೇಟೆಯ ಹಳೆಯ ಗೋಲ್‌ಕೀಪರ್

ನನಗೆ ಕೈಟ್‌ಬೋರ್ಡಿಂಗ್ ಗೊತ್ತಿಲ್ಲ. ಆದರೆ ಹಾಕಿ ಗೋಲ್‌ಕೀಪರನ ಪ್ಯಾಡು, ಕಿಕ್ಕರು, ಹೆಲ್ಮೆಟ್ಟು ತುಂಬಿದ ದೊಡ್ಡ ಚೀಲವನ್ನು ಹದಿನೈದು ವರ್ಷ ವಿಮಾನಗಳಲ್ಲಿ ಸಾಗಿಸಿದ್ದೇನೆ. ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಇಂಥದೊಂದು ಚೀಲ ಇರುತ್ತದೆ, ಅದರ ಅನುಭವ ನಿಮಗೂ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ಚೀಲಕ್ಕೆ ಹೊರಗಡೆ ಜೋತಾಡುವ ಪಟ್ಟಿ ಒಂದೂ ಇರಬಾರದು. ಸಾಗಣೆ ಬೆಲ್ಟಿನ ಸಂದಿಗೆ ಸಿಕ್ಕಿ ಎಳೆದಾಡಿ ಚೀಲ ಹರಿಯುವುದು ಬಹುಪಾಲು ಪಟ್ಟಿಯಿಂದಲೇ. ಹೆಗಲಪಟ್ಟಿಯನ್ನು ಬಿಚ್ಚಿ ಒಳಗಿಡಿ, ಬಿಚ್ಚಲಾಗದ್ದನ್ನು ಟೇಪು ಸುತ್ತಿ ಅಂಟಿಸಿ. ಜಿಪ್ಪನ್ನು ಮಾತ್ರ ನಂಬಬೇಡಿ, ಎರಡು ಕಡೆ ಅಗಲವಾದ ಬೆಲ್ಟು ಬಿಗಿಯಿರಿ. ಉದ್ದದ ಚೀಲವನ್ನು ಸಾಮಾನ್ಯ ಬೆಲ್ಟಿಗೆ ಹಾಕದೆ ದೊಡ್ಡ ಲಗೇಜಿನ ಪ್ರತ್ಯೇಕ ಕೌಂಟರಿಗೆ ಕಳುಹಿಸುತ್ತಾರೆ, ಅದಕ್ಕೆ ಅರ್ಧ ಗಂಟೆ ಹೆಚ್ಚು ಬೇಕು. ಇಳಿದ ಮೇಲೂ ಅದು ಬೇರೆ ಜಾಗದಲ್ಲಿ ಬರುವುದರಿಂದ ಬೆಲ್ಟಿನ ಮುಂದೆ ನಿಂತು ಗಾಬರಿಯಾಗಬೇಡಿ.

ಪವರ್ ಬ್ಯಾಂಕು ಮತ್ತು ಕ್ಯಾಮೆರಾದ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಅವಕ್ಕೆ ಅವಕಾಶವಿಲ್ಲ. ಲೈನು ಕತ್ತರಿಸುವ ಚಾಕು ನಿಮ್ಮ ಹಾರ್ನೆಸ್ಸಿನಲ್ಲಿ ಸಿಕ್ಕಿಸಿದ್ದರೆ, ಅದು ಲಗೇಜಿನಲ್ಲೇ ಇರಬೇಕು. ನಿಮ್ಮ ತೇಲುಜಾಕೆಟ್ಟು ಒಳಗೆ ಗ್ಯಾಸಿನ ಸಣ್ಣ ಸಿಲಿಂಡರಿದ್ದು ತಾನೇ ಉಬ್ಬುವ ಜಾತಿಯದಾಗಿದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆಯಿಲ್ಲದೆ ಒಯ್ಯಲಾಗದು. ಬರಿಯ ಸ್ಪಂಜಿನದಾದರೆ ಚಿಂತೆಯಿಲ್ಲ.

ವಿಮಾನ ನಿಲ್ದಾಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಿಮಗೆ ಹತ್ತಿರವಿರುವುದು 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವೇ. ಆದರೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯಬೇಕು, ಆಗಸ್ಟಿನಲ್ಲಿ ಆ ರಸ್ತೆಯ ಮೇಲೆ ಮಣ್ಣು ಜರಿದರೆ ನಿಮ್ಮ ಟಿಕೆಟ್ಟು ಹೋದಂತೆಯೇ. ಮಂಗಳೂರಿಗೂ ಸಂಪಾಜೆ ಘಾಟಿಯೇ ದಾರಿ, 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಅದರ ಗತಿ ಏನಾಯಿತೆಂದು ನಾವೆಲ್ಲ ಕಂಡಿದ್ದೇವೆ. ಹುಣಸೂರು, ಮೈಸೂರಿನ ಮೂಲಕ ಬೆಂಗಳೂರಿಗೆ ಹೋಗುವುದು ದೂರವಾದರೂ ಅಲ್ಲಿಂದ ಕೊಲಂಬೊಗೆ ನೇರ ವಿಮಾನ ಸಿಗುತ್ತದೆ. ನಡುವೆ ಇನ್ನೊಂದು ವಿಮಾನಕ್ಕೆ ಬದಲಾಯಿಸಿದಷ್ಟೂ ಲಗೇಜು ಹಿಂದೆ ಉಳಿಯುವ ಸಂಭವ ಹೆಚ್ಚು. ಅದೂ ಅಲ್ಲದೆ ದೇಶದೊಳಗಿನ ವಿಮಾನವನ್ನು ಬೇರೆ ಟಿಕೆಟ್ಟಿನಲ್ಲಿ ಹಿಡಿದರೆ ಸಾಮಾನ್ಯವಾಗಿ ಸಿಗುವುದು 15 ಕಿಲೋ ಮಾತ್ರ. ಮೈಸೂರಿನಿಂದ ಕೆ.ಎಸ್.ಆರ್.ಟಿ.ಸಿ.ಯ ಫ್ಲೈಬಸ್ ನೇರವಾಗಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುತ್ತದೆ.

ಉತ್ತರ 3: ಮಡಿಕೇರಿಯ ವಕೀಲೆ

ಇಬ್ಬರೂ ಹೇಳದೆ ಬಿಟ್ಟಿರುವ ಎರಡು ಮಾತುಗಳನ್ನು ಸೇರಿಸುತ್ತೇನೆ. ಬೆಲೆಬಾಳುವ ಹೊಸ ಸಾಮಗ್ರಿಯೊಂದಿಗೆ ದೇಶದಿಂದ ಹೊರಹೋಗುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಿರಿ. ಹಿಂತಿರುಗುವಾಗ ಇದು ವಿದೇಶದಲ್ಲಿ ಕೊಂಡದ್ದೆಂದು ಸುಂಕ ಕೇಳುವ ಪ್ರಸಂಗ ಬರುವುದಿಲ್ಲ. ಚೀಲವನ್ನು ಒಪ್ಪಿಸುವ ಮೊದಲು ಇದನ್ನು ಮಾಡಬೇಕು, ಏಕೆಂದರೆ ಅವರು ವಸ್ತುಗಳನ್ನು ಕಣ್ಣಾರೆ ನೋಡಬೇಕಾಗುತ್ತದೆ. ಖರೀದಿಯ ರಸೀದಿ ಜೊತೆಗಿರಲಿ.

ಎರಡನೆಯದಾಗಿ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜಿಗೆ ಹಾನಿಯಾದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಪಡೆದ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು, ತಡವಾಗಿ ಬಂದರೆ ಕೈಗೆ ಸಿಕ್ಕ ದಿನದಿಂದ 21 ದಿನಗಳೊಳಗೆ. ಪರಿಹಾರದ ಮಿತಿಯು 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್.ಡಿ.ಆರ್. ಆಗಿದೆ, ಎಸ್.ಡಿ.ಆರ್. ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಇದು ಚೀಲಕ್ಕೆ ಇಷ್ಟು ಎಂಬ ಲೆಕ್ಕವಲ್ಲ, ಪ್ರಯಾಣಿಕನಿಗೆ ಇಷ್ಟು ಎಂಬ ಲೆಕ್ಕ. ಎರಡು ಕೈಟ್ ಮತ್ತು ಬೋರ್ಡಿನ ಬೆಲೆ ಈ ಮಿತಿಯನ್ನು ಸುಲಭವಾಗಿ ಮೀರಬಹುದಾದ್ದರಿಂದ, ಚೀಲ ಒಪ್ಪಿಸುವಾಗಲೇ ಹೆಚ್ಚಿನ ಮೌಲ್ಯವನ್ನು ಘೋಷಿಸಿ ಅದಕ್ಕೆ ಶುಲ್ಕ ಕಟ್ಟುವುದು ಅಥವಾ ಕ್ರೀಡಾ ಸಾಮಗ್ರಿಗೂ ಅನ್ವಯಿಸುವ ಪ್ರಯಾಣ ವಿಮೆ ಮಾಡಿಸುವುದು ಒಳ್ಳೆಯದು. ಹಾನಿ ಕಂಡರೆ ನಿಲ್ದಾಣದಿಂದ ಹೊರಬರುವ ಮುನ್ನವೇ ಕೌಂಟರಿನಲ್ಲಿ ಬರೆಸಿ ಪ್ರತಿ ಪಡೆಯಿರಿ. ತುಂಬುವ ಮೊದಲು ಮತ್ತು ತುಂಬಿದ ಮೇಲೆ ಚಿತ್ರ ತೆಗೆದಿಟ್ಟುಕೊಂಡರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಮರುಪ್ರಶ್ನೆ: ಗೋಣಿಕೊಪ್ಪದ ಬೆಳೆಗಾರ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ಎಲ್ಲವನ್ನೂ ತೂಗಿ ನೋಡಿದೆ: ಚೀಲ ಸೇರಿ 21 ಕಿಲೋ 400 ಗ್ರಾಂ ಬಂತು. ಜಾಕೆಟ್ಟು ಸ್ಪಂಜಿನದೇ. ಬೆಂಗಳೂರನ್ನೇ ಆರಿಸಿಕೊಂಡಿದ್ದೇನೆ. ಇನ್ನೊಂದೇ ಸಂದೇಹ: ಲಗೇಜು ಒಂದೆರಡು ದಿನ ತಡವಾಗಿ ಬಂದರೂ ನೀರಿಗಿಳಿಯಲು ಅನುಕೂಲವಾಗುವಂತೆ ಕೈಚೀಲದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು?

ಉತ್ತರ: ಸುಂಟಿಕೊಪ್ಪದವರು

ಹಾರ್ನೆಸ್ಸನ್ನು ಇಟ್ಟುಕೊಳ್ಳಿ. ಕೈಟು, ಬೋರ್ಡು, ಬಾರು ಕಲ್ಪಿಟಿಯದಲ್ಲಿ ಬಾಡಿಗೆಗೆ ಸಿಗುತ್ತವೆ, ಆದರೆ ಮೈಗೆ ಸರಿಹೊಂದದ ಹಾರ್ನೆಸ್ಸು ಪಕ್ಕೆಲುಬಿಗೆ ಏರಿ ಉಜ್ಜಿ ಎರಡನೇ ದಿನಕ್ಕೇ ನೀರಿಗಿಳಿಯಲು ಬಿಡುವುದಿಲ್ಲ. ಚಾಕುವನ್ನು ಅದರಿಂದ ತೆಗೆದು ಲಗೇಜಿಗೆ ಹಾಕಿದ್ದೀರೆಂದು ಎರಡು ಸಲ ನೋಡಿಕೊಳ್ಳಿ. ಮುಂದಿನ ಲೋಹದ ಕೊಕ್ಕೆಯನ್ನು ಭದ್ರತಾ ತಪಾಸಣೆಯಲ್ಲಿ ಕೇಳಬಹುದು. ಅದನ್ನು ಬಿಚ್ಚಲು ಬರುವುದಾದರೆ ಅದೂ ಲಗೇಜಿಗೇ ಹೋಗಲಿ, ಅಲ್ಲಿ ಬೇರೊಂದು ಕೊಕ್ಕೆ ಎರವಲು ಸಿಕ್ಕೀತು. ಬಾರನ್ನು ಕೈಚೀಲದಲ್ಲಿ ಇಡಬೇಡಿ, ಕೋಲಿನಂತೆ ಕಾಣುವ ವಸ್ತುವನ್ನು ತಡೆಯುವ ಅಧಿಕಾರ ತಪಾಸಣೆಯವರಿಗೆ ಇದೆ. ಕೊಲಂಬೊ ನಿಲ್ದಾಣದಿಂದ ಕಲ್ಪಿಟಿಯಕ್ಕೆ ರಸ್ತೆಯಲ್ಲಿ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಉದ್ದದ ಚೀಲ ಹಿಡಿಯುವ ವ್ಯಾನು ಬೇಕೆಂದು ಮೊದಲೇ ಹೇಳಿಡಿ.