ಅಪ್‌ಡೇಟ್: ಕೆಗ್‌ನಿಂದ ಬರೀ ನೊರೆ, ಗ್ಯಾಸ್ ಸೋರಿಕೆ – ಎರಡೂ ಬಗೆಹರಿದವು

ಮನೇಲಿ ಮಾಡಿದ ಬಿಯರ್‌ಗೆ 19 ಲೀಟರ್ ಕೆಗ್ (ಬಿಯರನ್ನು ಗ್ಯಾಸ್ ಒತ್ತಡದಲ್ಲಿಟ್ಟು ನಲ್ಲಿಯಿಂದ ಬಿಡುವ ಪಾತ್ರೆ) ಜೋಡಿಸಿದ್ದೆ. ಗ್ಲಾಸಲ್ಲಿ ಮುಕ್ಕಾಲು ನೊರೆ, ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ವಾರಕ್ಕೇ ಖಾಲಿ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೊರೆಗೆ ಕಾರಣ ಒತ್ತಡವಲ್ಲ, ಪೈಪು. 8 ಮಿ.ಮೀ. ಒಳವ್ಯಾಸದ ಒಂದೇ ಮೀಟರ್ ಪೈಪು ಹಾಕಿದ್ದೆ. ಅಷ್ಟು ದಪ್ಪ, ಗಿಡ್ಡ ಪೈಪಿನಲ್ಲಿ ತಡೆಯೇ ಇಲ್ಲ, ಬಿಯರ್ ರಭಸದಿಂದ ನುಗ್ಗಿ ನಲ್ಲಿಯಲ್ಲೇ ಗ್ಯಾಸ್ ಬಿಡ್ತಿತ್ತು. ಈಗ 5 ಮಿ.ಮೀ. ಒಳವ್ಯಾಸದ್ದು, 3 ಮೀಟರ್, ಫ್ರಿಜ್ಜಿನೊಳಗೇ ಸುರುಳಿ ಸುತ್ತಿಟ್ಟಿದೆ. ಬಿಯರಿನಲ್ಲಿ ಗ್ಯಾಸ್ ಬೆರೆಯೋಕೆ 4 ಡಿಗ್ರಿಯಲ್ಲಿ 12 ಪಿಎಸ್‌ಐ (ಒತ್ತಡದ ಅಳತೆ) ಇಟ್ಟು ಹತ್ತು ದಿನ ಬಿಟ್ಟರೆ ಸಾಕು. ಕೆಗ್ ಅಲ್ಲಾಡಿಸಿ ಅವಸರ ಮಾಡೋಕೆ ಹೋದರೆ ಗ್ಯಾಸ್ ಅಳತೆ ತಪ್ಪುತ್ತೆ. ನಲ್ಲಿ ಬಾಗಿಲ ಹೊರಗಿರೋದರಿಂದ ಮೊದಲ ಗ್ಲಾಸು ಇನ್ನೂ ಸ್ವಲ್ಪ ನೊರೆಯೇ. ಅದು ಬಿಸಿ ಲೋಹದ ತಪ್ಪು.

ಸೋರಿಕೆ ಇದ್ದದ್ದು ಕೆಗ್ ಮುಚ್ಚಳದ ಓ-ರಿಂಗಿನಲ್ಲಿ (ಸಂದು ಮುಚ್ಚುವ ರಬ್ಬರ್ ಬಳೆ). ಫುಡ್‌ಗ್ರೇಡ್ ಗ್ರೀಸ್ ಸವರಿ, 30 ಪಿಎಸ್‌ಐ ಕೊಟ್ಟು ಕೂರಿಸಿ, ಸೋಪಿನ ನೀರು ಹಚ್ಚಿ ನೋಡಿದೆ: ಗುಳ್ಳೆ ಇಲ್ಲ. ಗ್ಯಾಸ್ ಲೈನಿಗೆ ಸಿಲಿಕೋನ್ ಪೈಪು ಬೇಡ, ಅದರ ಗೋಡೆಯಿಂದಲೇ ಗ್ಯಾಸ್ ಹೊರಹೋಗುತ್ತೆ.

ಅಡುಗೆ ಗ್ಯಾಸಿನ ರೆಗ್ಯುಲೇಟರ್ ಹಾಕಬಹುದಾ ಅಂತ ಒಬ್ಬರು ಕೇಳಿದ್ದರು. ಖಂಡಿತ ಬೇಡ. ಸಿಒ2 ಸಿಲಿಂಡರಿನಲ್ಲಿ 20 ಡಿಗ್ರಿಗೇ ಸುಮಾರು 57 ಬಾರ್ (ಅಂದರೆ ಸುಮಾರು 830 ಪಿಎಸ್‌ಐ) ಒತ್ತಡ ಇರುತ್ತೆ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಬಾಲ್ಕನಿಯಲ್ಲಿಟ್ಟರೆ ಇನ್ನೂ ಏರುತ್ತೆ. ಸಿಒ2 ರೆಗ್ಯುಲೇಟರೇ ಬೇಕು, ಕೆಗ್‌ಗೆ ಹೆಚ್ಚಾದ ಒತ್ತಡ ಹೊರಬಿಡೋ ರಿಲೀಫ್ ವಾಲ್ವ್ ಇರಲೇಬೇಕು, ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಪಿವಿಸಿ ಪೈಪಿನಿಂದ ಕೆಗ್ ಮಾಡೋ ಯೋಚನೆಯೂ ಇತ್ತು, ಅದನ್ನೂ ಬಿಟ್ಟೆ, ಒಡೆದರೆ ಚೂರುಚೂರಾಗಿ ಸಿಡಿಯುತ್ತೆ.