ಲೈಟ್ ಸ್ಟಿಕ್ ‘ಹತ್ತಿತು’ ಅನ್ನೋಣವೋ, ‘ಹಚ್ಚಿದರು’ ಅನ್ನೋಣವೋ?

ಗೆಳೆಯರೇ, ನಮಸ್ಕಾರ.

ನಾನು ವಿಜಯಪುರದಲ್ಲಿ ಹೈಸ್ಕೂಲ್ ಮೇಷ್ಟ್ರು. ರಾಜ್ಯದ ಎಲ್ಲ ಕಡೆ ಹೋಗುವ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ವಿಜ್ಞಾನ ಬರಹ ಬರೆಯುತ್ತಿದ್ದೇನೆ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡ ನವಿ ಮುಂಬೈ, ಅಹಮದಾಬಾದ್‌ಗಳಲ್ಲಿ ಹಾಡಿತಲ್ಲ, ಆಗ ಪ್ರೇಕ್ಷಕರು ಕಟ್ಟಿಕೊಂಡ ಕೈಪಟ್ಟಿಗಳ ಬೆಳಕಿನಿಂದ ಇಡೀ ಸ್ಟೇಡಿಯಂ ಒಟ್ಟಿಗೆ ಬಣ್ಣ ಬದಲಿಸಿದ ವಿಡಿಯೋ ನಮ್ಮ ಮಕ್ಕಳೂ ನೋಡಿದ್ದಾರೆ. ‘ಸ್ವಿಚ್ ಯಾರು ಒತ್ತತಾರ್ರೀ ಸರ್?’ ಅಂತ ಒಬ್ಬಳು ಕೇಳಿದಳು. ಅಂಥ ಕೈಪಟ್ಟಿ, ಮತ್ತು ಬೇರೆ ಸಂಗೀತ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರು ಕೈಯಲ್ಲಿ ಹಿಡಿಯುವ ಬಣ್ಣದ ದೀಪದ ಕೋಲು, ಅಂದರೆ ಲೈಟ್ ಸ್ಟಿಕ್, ಇವೇ ಬರಹದ ವಿಷಯ.

ನಮ್ಮ ಕಡೆ ‘ಲೈಟ್ ಹಚ್ಚು’ (ಆನ್ ಮಾಡು), ‘ಲೈಟ್ ಹತ್ತಿತು’ (ಆನ್ ಆಯಿತು) ಅನ್ನುತ್ತೇವೆ. ‘ಜನರು ಲೈಟ್ ಸ್ಟಿಕ್ ಹಚ್ಚಿದರು’ ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಸುಮ್ನೆ ಹಿಡಿದು ನಿಂತಿರುತ್ತಾರೆ. ‘ತಾನೇ ಹತ್ತಿತು’ ಅಂದರೂ ಸರಿಯಲ್ಲ, ಹಚ್ಚುವವರು ಬೇರೆ ಕಡೆ ಕೂತಿದ್ದಾರೆ. ಪ್ರೇಕ್ಷಕರ ಕೈಯಲ್ಲಿರುವುದು ಟಿವಿ ಇದ್ದ ಹಾಗೆ, ರಿಮೋಟ್ ಇರುವುದು ಲೈಟಿಂಗ್‌ನವರ ಹತ್ತಿರ. ಆದ್ದರಿಂದಲೇ ಸಹೋದ್ಯೋಗಿಯೊಬ್ಬರು ಸೂಚಿಸಿದ ‘ರಿಮೋಟ್ ಕೋಲು’ ಎಂಬ ಹೆಸರು ನನಗೆ ಒಪ್ಪಿಗೆಯಾಗಲಿಲ್ಲ.

ಕೋಲಿನೊಳಗೆ ಇರುವುದು ಇಷ್ಟೇ: ಬ್ಯಾಟರಿ, ಸಿಗ್ನಲ್ ಹಿಡಿಯುವ ರಿಸೀವರ್, ಸಣ್ಣ ಚಿಪ್, ಕೆಂಪು ಹಸಿರು ನೀಲಿ ಎಲ್‌ಇಡಿ. ಸಿಗ್ನಲ್ ಬರುವ ದಾರಿ ಮಾತ್ರ ಬೇರೆ ಬೇರೆ. ಕೆಲವು ಕೈಪಟ್ಟಿಗಳಿಗೆ ಅವಕೆಂಪು ಕಿರಣ ಬೇಕು. ಕಣ್ಣಿಗೆ ಕಾಣದ ಆ ಬೆಳಕನ್ನು ಜನರ ಮೇಲೆ ಬೀರುತ್ತಾರೆ, ಬಿದ್ದ ಜಾಗದ ಪಟ್ಟಿಗಳಷ್ಟೇ ಹತ್ತುತ್ತವೆ. ಯಾರು ಎಲ್ಲಿ ಕೂತಿದ್ದಾರೆ ಎಂದು ಪಟ್ಟಿಗೆ ಗೊತ್ತಿರಬೇಕಾಗಿಲ್ಲ. ತೋಳು ಇಳಿಸಿ ಮುಚ್ಚಿಟ್ಟರೆ ಸಿಗ್ನಲ್ ತಪ್ಪಬಹುದು. ರೇಡಿಯೋ ಅಲೆಗೆ ಆ ತೊಂದರೆ ಕಡಿಮೆ, ಆದರೆ ಅದು ಎಲ್ಲರನ್ನೂ ಒಮ್ಮೆಗೇ ಮುಟ್ಟುತ್ತದೆ. ಚಿತ್ತಾರ ಮೂಡಿಸಬೇಕಾದರೆ ಪ್ರತಿ ಕೋಲಿಗೂ ತನ್ನ ಸೀಟು ಗೊತ್ತಿರಬೇಕು. ಕೊರಿಯಾದ ಪಾಪ್ ತಂಡಗಳ ಅಭಿಮಾನಿಗಳು ಮೊಬೈಲ್ ಆ್ಯಪ್‌ನಲ್ಲಿ ಟಿಕೆಟ್ಟಿನ ಸೀಟ್ ನಂಬರ್ ಹಾಕಿ, ಬ್ಲೂಟೂತ್ ಮೂಲಕ ಅದನ್ನು ಕೋಲಿಗೆ ಕಳಿಸುತ್ತಾರೆ. ಆಮೇಲೆ ‘ಈ ಬ್ಲಾಕ್ ಕೆಂಪು, ಆ ಬ್ಲಾಕ್ ನೀಲಿ’ ಎಂಬ ಆಜ್ಞೆ ಎಲ್ಲರಿಗೂ ಹೋಗುತ್ತದೆ, ಪ್ರತಿ ಕೋಲೂ ತನ್ನ ಪಾಲಿನದನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ. ಕಾರ್ಯಕ್ರಮ ನಡೆಯುವಾಗ ಕೋಲು ತಿರುಗಿ ಉತ್ತರ ಕೊಡಬೇಕಿಲ್ಲ, ಕೇಳಿಸಿಕೊಂಡರೆ ಸಾಕು. ಹಾಗಾಗಿಯೇ ಸಾವಿರಾರು ಕೋಲುಗಳಿದ್ದರೂ ಗದ್ದಲವಾಗುವುದಿಲ್ಲ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾದ ಸಂಗತಿ ಇದೇ.

ಹೆಸರಿನ ಬಗ್ಗೆ ನನಗೆ ಅಷ್ಟು ಹಟವಿಲ್ಲ. ‘ಬೆಳಕಿನ ಕೋಲು’ ಚೆನ್ನಾಗಿದೆ, ಆದರೆ ಜಾತ್ರೆಯಲ್ಲಿ ಮಾರುವ, ಬಗ್ಗಿಸಿದರೆ ಒಳಗಿನ ರಾಸಾಯನಿಕ ಬೆರೆತು ಹೊಳೆಯುವ ಗ್ಲೋ ಸ್ಟಿಕ್ಕನ್ನೂ ಮಕ್ಕಳು ಹಾಗೇ ಕರೆಯಬಹುದು. ಅದಕ್ಕೆ ಬ್ಯಾಟರಿಯೂ ಇಲ್ಲ, ಸಿಗ್ನಲ್ಲೂ ಇಲ್ಲ. ಹಾಗಾಗಿ ‘ಲೈಟ್ ಸ್ಟಿಕ್’ ಅಂತಲೇ ಉಳಿಸಿದ್ದೇನೆ.

ಕ್ರಿಯಾಪದಕ್ಕೆ ಸದ್ಯ ಹೀಗೆ ಬರೆದಿದ್ದೇನೆ: ‘ಲೈಟಿಂಗ್‌ನವರು ಅಲ್ಲಿಂದ ಹಚ್ಚುತ್ತಾರೆ, ಪ್ರೇಕ್ಷಕರ ಕೈಯಲ್ಲಿ ಇಲ್ಲಿ ಹತ್ತುತ್ತದೆ.’ ಮೈಸೂರು, ಮಂಗಳೂರು ಕಡೆಯ ಮಕ್ಕಳಿಗೆ ಈ ‘ಹತ್ತುತ್ತದೆ’ ತಿಳಿಯುತ್ತದೆಯೇ? ಮೆಟ್ಟಿಲು ಹತ್ತುವುದು ಅಂದುಕೊಂಡಾರೆಂಬ ಅಳುಕಿದೆ. ‘ಹೊತ್ತಿಕೊಳ್ಳುತ್ತದೆ’ ಎಂದರೆ ನಮ್ಮ ಕಿವಿಗೆ ಬೆಂಕಿ ಬಿದ್ದ ಹಾಗೆ. ‘ಉರಿಯುತ್ತದೆ’ ಪರವಾಗಿಲ್ಲ, ಆದರೆ ಥಟ್ಟನೆ ಶುರುವಾಗುವ ಆ ಕ್ಷಣ ಅದರಲ್ಲಿಲ್ಲ ಅಲ್ವಾ? ಇನ್ನೊಂದು, ಕೋಲನ್ನು ಆ್ಯಪ್‌ಗೆ ಪೇರ್ ಮಾಡುವುದಕ್ಕೆ ‘ಜೋಡಿಸು’ ಎಂದಿದ್ದೇನೆ. ವೈರ್ ಹಾಕಿ ಜೋಡಿಸಿದಂತೆ ಕೇಳಿಸಿದರೆ ತಿಳಿಸಿ. ನಿಮ್ಮ ನಿಮ್ಮ ಊರಲ್ಲಿ ಮಕ್ಕಳು ಏನನ್ನುತ್ತಾರೋ ಅದನ್ನೇ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.