ಫಂಡಿ ಕೊಲ್ಲಿಗೆ ಮೋಟರ್‌ಹೋಮ್‌ನಲ್ಲಿ 6 ದಿನ: ಉಬ್ಬರ–ಇಳಿತಕ್ಕೆ ಹೊಂದಿಸಿ ಪ್ಲ್ಯಾನ್ ಮಾಡೋದು ಹೇಗೆ?

ಹೊಸ_ಅಲೆಮಾರಿ:
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ 25 ಅಡಿಯ ಕ್ಲಾಸ್ ಸಿ ಮೋಟರ್‌ಹೋಮ್ (ಮಲಗೋಕೆ, ಅಡುಗೆಗೆ ಜಾಗ ಇರುವ ಮಧ್ಯಮ ಗಾತ್ರದ ಗಾಡಿ) ಬಾಡಿಗೆಗೆ ತಗೊಳ್ತಿದ್ದೇವೆ. ಒಟ್ಟು ಆರು ಜನ, ಊರಿಂದ ಬಂದಿರುವ ಅಪ್ಪ–ಅಮ್ಮನೂ ಸೇರಿ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಹೋಪ್‌ವೆಲ್ ರಾಕ್ಸ್ (ಸಮುದ್ರ ಕೊರೆದ ಎತ್ತರದ ಬಂಡೆಗಳು), ಫಂಡಿ ನ್ಯಾಷನಲ್ ಪಾರ್ಕ್, ಸೇಂಟ್ ಆಂಡ್ರೂಸ್ ಊರು ನೋಡಬೇಕು. ನನ್ನ ಪ್ರಶ್ನೆಗಳು:
- ದಿನಕ್ಕೊಂದು ಜಾಗದಲ್ಲಿ ತಂಗಬೇಕಾ, ಒಂದೇ ಕಡೆ ನಿಂತು ಓಡಾಡಬೇಕಾ?
- ಗಾಡಿ ನಿಲ್ಲಿಸಿ ತಂಗಲು ಕರೆಂಟ್ ಕನೆಕ್ಷನ್ ಇಲ್ಲದ ಕ್ಯಾಂಪ್ ಸೈಟ್ ಸಾಕಾ?
- ಸೇಂಟ್ ಆಂಡ್ರೂಸ್ ಪಕ್ಕದ ಮಿನಿಸ್ಟರ್ಸ್ ಐಲೆಂಡ್ ದ್ವೀಪಕ್ಕೆ ಇಳಿತದ ಹೊತ್ತಲ್ಲಿ ಸಮುದ್ರದ ತಳದ ಮೇಲೇ ಗಾಡಿ ಓಡಿಸಬಹುದಂತೆ. ಮೋಟರ್‌ಹೋಮ್ ಹೋಗುತ್ತಾ?
- ಅಮ್ಮನಿಗೆ ಮೊಣಕಾಲು ನೋವು. ಹೋಪ್‌ವೆಲ್‌ನಲ್ಲಿ ಕೆಳಗಿಳಿಯೋದು ಕಷ್ಟವಾ?

ಭರತ_ಇಳಿತ:
ಸರ್, ಮೊದಲು ಇಳಿತದ ಹೊತ್ತು ಬರೆದಿಟ್ಟುಕೊಳ್ಳಿ, ಸೈಟ್ ಬುಕಿಂಗ್ ಆಮೇಲೆ. ನಮ್ಮ ಮಂಗಳೂರು–ಕಾರವಾರದ ಕಡೆ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ–ಎರಡು ಮೀಟರ್ ಆಸುಪಾಸಿನ ವ್ಯತ್ಯಾಸ. ಹೋಪ್‌ವೆಲ್‌ನಲ್ಲಿ ಅದು 14 ಮೀಟರ್‌ವರೆಗೂ ಹೋಗುತ್ತದೆ, ನೋವಾ ಸ್ಕೋಷಿಯಾದ ಬರ್ನ್ಟ್‌ಕೋಟ್ ಹೆಡ್‌ನಲ್ಲಿ 16 ಮೀಟರ್‌. ಕೊಲ್ಲಿಯ ಉದ್ದ–ಆಳಕ್ಕೆ ನೀರು ಒಮ್ಮೆ ತೂಗಿ ಬರಲು ಸುಮಾರು 13 ಗಂಟೆ ಬೇಕು. ಚಂದ್ರನ ಉಬ್ಬರ ಬರುವುದು 12 ಗಂಟೆ 25 ನಿಮಿಷಕ್ಕೊಮ್ಮೆ. ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಎರಡೂ ಹತ್ತಿರ ಇರುವುದರಿಂದ ನೀರು ಅಷ್ಟು ಏರುತ್ತದೆ.

ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 8:10ಕ್ಕೆ ಇದ್ದರೆ ನಾಳೆ 9ರ ಸುತ್ತ. ಹೋಪ್‌ವೆಲ್‌ನಲ್ಲಿ ಇಳಿತಕ್ಕೆ 3 ಗಂಟೆ ಮುಂಚಿನಿಂದ 3 ಗಂಟೆ ಆಚೆಯವರೆಗೆ ಸಮುದ್ರದ ತಳದಲ್ಲಿ ನಡೆಯಬಹುದು, ಆದರೆ ಪಾರ್ಕ್ ತೆರೆದಿರುವ ಹೊತ್ತೂ ಕೂಡಿಬರಬೇಕು. ಇಳಿತದಲ್ಲಿ ನಡೆದ ಜಾಗವನ್ನೇ ಉಬ್ಬರದಲ್ಲಿ ಮೇಲಿನಿಂದ ನೋಡಿ. ಎರಡೂ ನೋಡದಿದ್ದರೆ ಅರ್ಧ ನೋಡಿದ ಹಾಗೆ. ಟಿಕೆಟ್ ಸತತ ಎರಡು ದಿನಕ್ಕೆ ನಡೆಯುತ್ತದೆ, ರಸೀದಿ ಬಿಸಾಡಬೇಡಿ.

ಹಾಗಾಗಿ ಫಂಡಿ ಪಾರ್ಕ್‌ನಲ್ಲಿ ಮೂರು ರಾತ್ರಿ ಒಂದೇ ಸೈಟ್ ಹಿಡಿಯಿರಿ. ಪಾರ್ಕ್ ಪಕ್ಕದ ಆಲ್ಮಾ ಊರಿನಿಂದ ಹೋಪ್‌ವೆಲ್ ಸುಮಾರು 40 ಕಿ.ಮೀ. ದಿನಾ ಜಾಗ ಬದಲಿಸಿದರೆ ನೀವು ತಲುಪುವ ಹೊತ್ತಿಗೆ ನೀರು ಏರಿರುತ್ತದೆ. ಆಲ್ಮಾ ಬಂದರನ್ನೂ ಎರಡು ಹೊತ್ತು ನೋಡಿ. ಇಳಿತದಲ್ಲಿ ಮೀನುಗಾರಿಕೆ ದೋಣಿಗಳು ಕೆಸರಿನ ಮೇಲೆ ಕೂತಿರುತ್ತವೆ.

ಅಮ್ಮನ ವಿಷಯ: ವಿಸಿಟರ್ ಸೆಂಟರ್‌ನಿಂದ ಬಂಡೆಗಳ ಹತ್ತಿರದವರೆಗೆ ಸಣ್ಣ ಶುಲ್ಕಕ್ಕೆ ಗಾಡಿ ಸಿಗುತ್ತದೆ. ಅಲ್ಲಿಂದ ಕೆಳಕ್ಕೆ ಕಬ್ಬಿಣದ ಮೆಟ್ಟಿಲು, ನೂರರ ಹತ್ತಿರ. ಇಳಿಯುವುದಕ್ಕಿಂತ ವಾಪಸ್ ಹತ್ತುವುದೇ ಕಷ್ಟ. ಮೇಲಿನ ಕಟ್ಟೆಯಿಂದಲೂ ಬಂಡೆಗಳು ಚೆನ್ನಾಗಿ ಕಾಣುತ್ತವೆ, ಉಬ್ಬರದ ನೋಟಕ್ಕಂತೂ ಅದೇ ಜಾಗ.

ಗೇರ್_ಎರಡು:
ಗಾಡಿ ಕಡೆಯಿಂದ ನಾಲ್ಕು ಮಾತು.

ಫಂಡಿ ಪಾರ್ಕ್ ಒಳಗಿನ 114ನೇ ರಸ್ತೆ ಆಲ್ಮಾ ಕಡೆಗೆ ಕಡಿದಾಗಿ ಇಳಿಯುತ್ತದೆ. ಇಳಿಜಾರು ಶುರುವಾಗುವ ಮೊದಲೇ ಟೋ–ಹಾಲ್ ಗುಂಡಿ (ಭಾರದ ಗಾಡಿಯನ್ನು ಎಂಜಿನ್ ಬಲದಲ್ಲೇ ತಡೆಯಲು ನೆರವಾಗುವ ಗೇರ್ ವ್ಯವಸ್ಥೆ) ಒತ್ತಿ, ಕೆಳಗಿನ ಗೇರ್‌ಗೆ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಹೋಗುತ್ತದೆ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಆರಲು ಬಿಡಿ.

ಕರೆಂಟ್: ಜುಲೈನಲ್ಲೂ ಅಲ್ಲಿ ಸಮುದ್ರ ತಣ್ಣಗೆ. ಬೆಚ್ಚನೆಯ ಗಾಳಿ ಅದರ ಮೇಲೆ ಹಾದು ಮಂಜು ಕವಿಯುತ್ತದೆ, ರಾತ್ರಿ ಹೀಟರ್ ಬೇಕಾಗುತ್ತದೆ. ಹೀಟರ್ ಗ್ಯಾಸ್‌ನಲ್ಲಿ ಉರಿದರೂ ಅದರ ಫ್ಯಾನ್ ಸುಮಾರು 7–8 ಆಂಪಿಯರ್ ಎಳೆಯುತ್ತದೆ. ರಾತ್ರಿ 8 ಗಂಟೆಯಲ್ಲಿ ಅರ್ಧಕ್ಕಿಂತ ಕಮ್ಮಿ ಹೊತ್ತು ಓಡಿದರೂ 25 ಆಂಪಿಯರ್–ಅವರ್. 100ರ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಳಸಬಹುದಾದ್ದು 50. ಪಂಪು, ದೀಪ ಸೇರಿದರೆ ಒಂದು ರಾತ್ರಿ ಸಲೀಸು, ಹಗಲು ಗಾಡಿ ಓಡಿಸದಿದ್ದರೆ ಎರಡನೇ ರಾತ್ರಿ ಬೆಳಗಿನ ಜಾವ ಹೀಟರ್ ನಿಲ್ಲುತ್ತದೆ. ವಯಸ್ಸಾದವರು ಇರುವುದರಿಂದ 30 ಆಂಪಿಯರ್ ಕನೆಕ್ಷನ್ ಇರುವ ಸೈಟನ್ನೇ ತಗೊಳ್ಳಿ. ಫಂಡಿ ಪಾರ್ಕ್‌ನ ಹೆಡ್‌ಕ್ವಾರ್ಟರ್ಸ್ ಮತ್ತು ಚಿಗ್ನೆಕ್ಟೋ ನಾರ್ತ್ ಕ್ಯಾಂಪ್‌ಗ್ರೌಂಡ್ ಎರಡರಲ್ಲೂ ಅಂಥವು ಇವೆ, ಬೇಗ ತುಂಬುತ್ತವೆ.

ಆರು ಜನಕ್ಕೆ ಟ್ಯಾಂಕ್ ಬೇಗ ತುಂಬುತ್ತದೆ. ಸ್ನಾನಕ್ಕೆ ಕ್ಯಾಂಪಿನ ಬಾತ್‌ರೂಮ್ ಬಳಸಿ. ಸೈಟಿಗೆ ಪೈಪ್ ಜೋಡಿಸಿದ್ದರೂ ಟಾಯ್ಲೆಟ್ ಟ್ಯಾಂಕಿನ ವಾಲ್ವ್ ಮುಚ್ಚಿಯೇ ಇಡಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ತಳಕ್ಕೆ ಕಚ್ಚಿಕೊಳ್ಳುತ್ತದೆ. ಮುಕ್ಕಾಲು ತುಂಬಿದ ಮೇಲೆ ಮೊದಲು ಅದನ್ನು ಬಿಡಿ, ಆಮೇಲೆ ಪಾತ್ರೆ–ಸ್ನಾನದ ನೀರು ಬಿಟ್ಟರೆ ಪೈಪ್ ತಾನೇ ತೊಳೆದುಕೊಳ್ಳುತ್ತದೆ.

ಗಾಡಿಯ ಎತ್ತರವನ್ನು ಎಸಿ ಸೇರಿಸಿ ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮರದ ಮುಚ್ಚಿದ ಸೇತುವೆಗಳು ಬೇಕಾದಷ್ಟಿವೆ, ಬೋರ್ಡ್ ನೋಡದೆ ನುಗ್ಗಬೇಡಿ.

ಹೊಸ_ಅಲೆಮಾರಿ:
ತುಂಬಾ ಉಪಕಾರ. ಹೋಪ್‌ವೆಲ್‌ನಲ್ಲಿ ನೀರು ಏರುವಾಗ ಓಡಿ ಬರುವಷ್ಟು ಸಮಯ ಇರುತ್ತಾ? ಮತ್ತೆ ಮಿನಿಸ್ಟರ್ಸ್ ಐಲೆಂಡ್?

ಭರತ_ಇಳಿತ:
ಓಡುವ ಲೆಕ್ಕ ಬೇಡವೇ ಬೇಡ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಗಂಟೆಗೊಂದರಂತೆ 1, 2, 3, 3, 2, 1 ಪಾಲು ಏರುತ್ತದೆ. ವ್ಯತ್ಯಾಸ 12 ಮೀಟರ್ ಇದ್ದ ದಿನ ಮೂರನೇ ಗಂಟೆಯಲ್ಲೇ 3 ಮೀಟರ್, ಅಂದರೆ ನಿಮಿಷಕ್ಕೆ 5 ಸೆಂ.ಮೀ. ಪಾದ ಒದ್ದೆಯಾದ ಮೇಲೆ 20 ನಿಮಿಷದಲ್ಲಿ ಸೊಂಟದ ಮಟ್ಟ. ಎರಡು ಬಂಡೆಗಳ ನಡುವಿನ ತಗ್ಗು ನಿಮ್ಮ ಹಿಂದೆಯೇ ಮೊದಲು ತುಂಬುವುದರಿಂದ, ಮುಂದೆ ಒಣಗಿದ್ದರೂ ದಾರಿ ಮುಚ್ಚಿರುತ್ತದೆ. ವಯಸ್ಸಾದವರಿದ್ದಾರೆ, ಇಳಿತದ ಗಂಟೆ ದಾಟಿ ಒಂದೂವರೆ ಗಂಟೆಯೊಳಗೆ ಮೆಟ್ಟಿಲ ಹತ್ತಿರ ಬನ್ನಿ.

ಬಂಡೆಯ ಚಾಚಿನ ಕೆಳಗೆ ನಿಂತು ಫೋಟೋ ಬೇಡ. 2016ರ ಮಾರ್ಚ್‌ನಲ್ಲಿ ಅಲ್ಲಿನ ಎಲಿಫೆಂಟ್ ರಾಕ್ ಎಂಬ ಬಂಡೆಯ ದೊಡ್ಡ ಭಾಗ ಕುಸಿದೇ ಬಿತ್ತು.

ಆ್ಯಪ್ ನೋಡುವಾಗ ಯಾವ ಜಾಗದ ಪಟ್ಟಿ ಅಂತ ಖಚಿತಪಡಿಸಿ. ಕೆಲವು ಆ್ಯಪ್ ಸೇಂಟ್ ಜಾನ್ ಬಂದರಿನದ್ದು ತೋರಿಸುತ್ತವೆ. ಅಲ್ಲಿ ಏರಿಕೆ 8 ಮೀಟರ್ ಆಸುಪಾಸು, ಹೋಪ್‌ವೆಲ್‌ಗೆ ಆ ಅಂಕಿ ಮೋಸ. ಕೆನಡಾ ಸರ್ಕಾರದ ಜಲಮಾಪನ ಇಲಾಖೆಯ ಪಟ್ಟಿಯೇ ನೋಡಿ.

ಗಡಿ_ಗಡಿಯಾರ:
ಮಿನಿಸ್ಟರ್ಸ್ ಐಲೆಂಡ್‌ಗೆ ಮೋಟರ್‌ಹೋಮ್ ಬೇಡ. ಆ ದಾರಿ ಜಲ್ಲಿಯ ದಿಬ್ಬ, ಉಬ್ಬರದಲ್ಲಿ ಪೂರ್ತಿ ನೀರಿನಡಿ. ಬಾಡಿಗೆ ಕರಾರಿನಲ್ಲಿ ಡಾಂಬರು ಬಿಟ್ಟ ರಸ್ತೆಗೆ ಸಾಮಾನ್ಯವಾಗಿ ವಿಮೆ ಇರುವುದಿಲ್ಲ. ಉದ್ದ ಗಾಡಿಯ ಹಿಂಭಾಗ ನೆಲಕ್ಕೆ ತಾಗುತ್ತದೆ, ಉಪ್ಪುನೀರು ಅಡಿಯ ವೈರಿಂಗ್‌ಗೆ ಕೆಟ್ಟದ್ದು. ಗಾಡಿ ಸೇಂಟ್ ಆಂಡ್ರೂಸ್‌ನಲ್ಲೇ ನಿಲ್ಲಿಸಿ ಟ್ಯಾಕ್ಸಿಯಲ್ಲಿ ಹೋಗಿ. ಕೆನಡಿಯನ್ ಪೆಸಿಫಿಕ್ ರೈಲ್ವೆಯ ವಿಲಿಯಂ ವ್ಯಾನ್ ಹಾರ್ನ್ ಕಟ್ಟಿಸಿದ ಬೇಸಿಗೆ ಮನೆ, ಕೊಟ್ಟಿಗೆ ನೋಡಲೇಬೇಕಾದಂಥವು.

ಇಲ್ಲಿ ಎಲ್ಲರೂ ಎಡವುವುದು ಗಡಿಯಾರದಲ್ಲಿ. ನ್ಯೂ ಬ್ರನ್ಸ್‌ವಿಕ್‌ನ ಸಮಯ ಪಕ್ಕದ ಮೇನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದೆ. ನೀರಿನಾಚೆಯೇ ಅಮೆರಿಕ, ಫೋನು ಅಲ್ಲಿನ ಟವರ್ ಹಿಡಿದರೆ ಗಡಿಯಾರ ತಾನಾಗಿಯೇ ಒಂದು ಗಂಟೆ ಹಿಂದೆ ಹೋಗುತ್ತದೆ. ದ್ವೀಪದಿಂದ ಮರಳುವ ಕೊನೆಯ ಹೊತ್ತು 2 ಗಂಟೆ ಅಂದುಕೊಳ್ಳಿ. ಫೋನು 1:15 ತೋರಿಸುತ್ತಿರುವಾಗ ನಿಜಕ್ಕೂ 2:15 ಆಗಿರುತ್ತದೆ. ದಾರಿ ಮುಳುಗಿದರೆ ಮುಂದಿನ ಇಳಿತದವರೆಗೆ ಆಚೆಯೇ ಉಳಿಯಬೇಕು. ಫೋನಿನಲ್ಲಿ ಸ್ವಯಂಚಾಲಿತ ಸಮಯ ಆಫ್ ಮಾಡಿ ಹ್ಯಾಲಿಫ್ಯಾಕ್ಸ್ ಸಮಯಕ್ಕೆ ಕಟ್ಟಿಹಾಕಿ. ರೋಮಿಂಗ್ ಕೂಡ ಆಫ್ ಮಾಡಿ. ಮುಳ್ಳಿನ ಕೈಗಡಿಯಾರ ಒಂದಿದ್ದರೆ ಇನ್ನೂ ಒಳ್ಳೆಯದು.

ವಾಪಸ್ ಹೋಗುವಾಗ ಸೇಂಟ್ ಜಾನ್‌ನಿಂದ ಕೊಲ್ಲಿಯಾಚೆ ನೋವಾ ಸ್ಕೋಷಿಯಾದ ಡಿಗ್ಬಿಗೆ ಫೆರಿ ಇದೆ, ಎರಡೂಕಾಲು ಗಂಟೆ ಆಸುಪಾಸು. ದರ ಗಾಡಿಯ ಉದ್ದದ ಮೇಲೆ, ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದನ್ನೂ ಅಳೆದು ಬುಕ್ ಮಾಡಿ. ಹತ್ತಿಸುವ ಮೊದಲು ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಬೇಕು, ಆಗ ಗ್ಯಾಸ್‌ನಲ್ಲಿ ಓಡುವ ಫ್ರಿಜ್ಜೂ ನಿಲ್ಲುತ್ತದೆ. ಹಾಲು–ಮೊಸರನ್ನು ಹಿಂದಿನ ರಾತ್ರಿಯೇ ಚೆನ್ನಾಗಿ ತಣ್ಣಗೆ ಮಾಡಿ, ದಾರಿಯಲ್ಲಿ ಬಾಗಿಲು ತೆಗೆಯಬೇಡಿ.